ಶ್ರೀದೇವಿ ಸೋಸಿದ ಮಾತು

ನಮ್ಮ ಬನಹಟ್ಟಿಯ ಓಣಿಯಲ್ಲಿ ಪವರ್‌ಲೂಮ್ ಸದ್ದಿಗೆ ಎಲ್ಲರದೂ ಏರುದನಿ. ಪಕ್ಕದ ಮನೆಯ ಶ್ರೀದೇವಿ ಒಬ್ಬಳೇ ಮೆಲ್ಲಗೆ, ತೂಕ ಮಾಡಿ ಮಾತಾಡುತ್ತಾಳೆ. ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಶಾಲೆಯಲ್ಲಿದ್ದಾಗ ಭಾಷಣ ಸ್ಪರ್ಧೆಯಲ್ಲಿ 'ಖರೆ ಹೇಳಬೇಕಂದ್ರ' ಎಂದು ಶುರು ಮಾಡಿದ್ದಕ್ಕೆ ತೀರ್ಪುಗಾರರೊಬ್ಬರು ಮೈಕಿನಲ್ಲೇ "ಇದು ಕನ್ನಡವೋ, ಮರಾಠಿಯೋ?" ಎಂದು ನಕ್ಕಿದ್ದರು. ಆ ಪುಣ್ಯಾತ್ಮ ಮನೆಗೆ ಹೋಗಿ ಉಂಡು ಮಲಗಿರಬೇಕು. ಈ ಹುಡುಗಿ ಮಾತ್ರ ಅಂದಿನಿಂದ ಪ್ರತಿ ಶಬ್ದವನ್ನೂ ಸೋಸತೊಡಗಿದಳು. ತಾಯಿ ಶಿವವ್ವ ಕಂಡಿಕೆಗೆ ನೂಲು ಸುತ್ತುತ್ತ 'ಛಲೋ' ಎಂದರೂ ತಿದ್ದುವಳು. ಬರಬರುತ್ತ ಶಿವವ್ವ ಮಗಳ ಮುಂದೆ ಮಾತನ್ನೇ ಕಡಿಮೆ ಮಾಡಿದಳು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ತಿಳಿಯುತ್ತಿರಲಿಲ್ಲ.

ಜರ್ಮನಿಯ ಆಸ್ಪತ್ರೆಯೊಂದು ನರ್ಸುಗಳನ್ನು ಕರೆದಾಗ ಶ್ರೀದೇವಿ ಹಟ ಹಿಡಿದು ಜರ್ಮನ್ ಕಲಿತಳು. ಪುಣೆಯಲ್ಲಿ ಮಾತಿನ ಪರೀಕ್ಷೆ ಪಾಸಾದರಷ್ಟೇ ಕೆಲಸ. ಓದುತ್ತ ಓದುತ್ತ ಅವಳಿಗೆ ಒಂದು ಸಂಗತಿ ಗೊತ್ತಾಯಿತು. ಜರ್ಮನರು ದಿನಾ ಆಡುವ ಮಾತಿನಲ್ಲಿ ಫ್ರೆಂಚ್ ಶಬ್ದಗಳು ಬೇಕಾದಷ್ಟಿವೆ. ಚಿಕ್ಕಮ್ಮನಿಗೆ 'ಟಾಂಟೆ', ಹಣದ ಪಾಕೀಟಿಗೆ 'ಪೋರ್ಟ್‌ಮೊನೇ', ಶೌಚಾಲಯಕ್ಕೆ 'ಟುವಾಲೆಟೆ', ಎಲ್ಲ ಫ್ರೆಂಚಿನಿಂದ ಬಂದವು. ಬೇರೆಯವರಾಗಿದ್ದರೆ ಓದಿ ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಶ್ರೀದೇವಿ ಅವನ್ನೆಲ್ಲ ಆಡುವುದನ್ನೇ ಬಿಟ್ಟಳು.

ಪರೀಕ್ಷೆಯಲ್ಲಿ ಒಬ್ಬಾಕೆ ವಯಸ್ಸಾದ ರೋಗಿಯಂತೆ ನಟಿಸುತ್ತ, ತನಗೆ ಅವಸರವಾಗಿದೆ, ಎಲ್ಲಿಗೆ ಹೋಗಬೇಕು ಎಂದು ಕೇಳಿದಳು. ಶ್ರೀದೇವಿಗೆ 'ಟುವಾಲೆಟೆ' ಎಂಬ ಶಬ್ದ ಗೊತ್ತು. ಆದರೆ ಅದು ಅಚ್ಚ ಜರ್ಮನ್ ಅಲ್ಲವಲ್ಲ! ಬೇರೆ ಶಬ್ದ ಹುಡುಕುತ್ತ ಬಾಯಿ ಕಟ್ಟಿ ಕೂತಳು. ಸಮಯ ಮುಗಿಯಿತು, ನಪಾಸಾದಳು.

ಅವಳಿಗೆ ಫೋನಿನಲ್ಲಿ ಜರ್ಮನ್ ಕಲಿಸುತ್ತಿದ್ದವರು ಮುಧೋಳದ ಮಧುಮತಿ. ಏನಾಯಿತೆಂದು ಅವರು ಕೇಳಿದಾಗ ಶ್ರೀದೇವಿ, "ಅದು ಫ್ರೆಂಚ್ ಶಬ್ದವಲ್ಲವೇ ಮೇಡಂ," ಎಂದಳು.

"ಅಲ್ಲ ತಂಗಿ, ಯಾರ ಶಬ್ದ ಆದ್ರ ಆ ಅಜ್ಜಿಗೇನು? ಅಕೀಗೆ ಸಂಡಾಸಕ್ಕ ಹೋಗೂದೈತಿ! ಹುಟ್ಟಿದಾಗಿಂದ ಹಂಗ ಅಂತಾರ ಅವರು. ಈಗದು ಅವರದ ಮಾತು."

ಶ್ರೀದೇವಿ ಮೊದಲು ನಕ್ಕಳಂತೆ, ಆಮೇಲೆ ಅತ್ತಳಂತೆ. ಎರಡನೇ ಸಲ ಪುಣೆಗೆ ಹೋಗಿ ಸೋಸದೆ ಮಾತಾಡಿ ಬಂದಳು.

ಫಲಿತಾಂಶ ಬರುವ ದಿನ ಬೆಳಿಗ್ಗೆ ಶಿವವ್ವ ನನ್ನ ಹತ್ತಿರ ಬಂದು, "ಪಾಸಾಗೂದಕ್ಕ ಶುದ್ಧ ಕನ್ನಡದಾಗ ಏನಂತಾರ್ರಿ?" ಎಂದು ಕೇಳಿದಳು. ಹೇಳಿಕೊಟ್ಟೆ. ಅದನ್ನೇ ಗುನುಗುತ್ತ ಹೋದಳು. ಯಾಕೆಂದು ಕೇಳಲು ನನಗೆ ಹೊಳೆಯಲಿಲ್ಲ.

ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದಾಗಲೇ ಶ್ರೀದೇವಿ ಫೋನು ಹಿಡಿದು ಓಡಿಬಂದಳು. ಶಿವವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ತಡೆದು ತಡೆದು ಕೇಳಿದಳು.

"ನೀನು... ಉತ್ತೀರ್ಣಳಾದೆಯಾ, ಮಗಳೇ?"

ಶ್ರೀದೇವಿಯ ಮುಖದ ನಗು ಹಾಗೇ ಆರಿತು.

"ಯವ್ವಾ, ಪಾಸಾಗೇನಿ. ಹಿಂಗ್ಯಾಕ ಮಾತಾಡ್ತಿ ಬೇ?"

"ಅಷ್ಟ ದೂರ ಹೋಗಾಕಿ ನೀ," ಎಂದಳು ಶಿವವ್ವ. "ನನ್ನ ಮಾತು ನಿನಗ ಸೇರಲಿಲ್ಲಂದ್ರ ಫೋನ್ ಇಟ್ಟ ಬಿಡ್ತಿ ಅಂತ ಕಲ್ಯಾಕತ್ತೇನಿ."