ಒಂದೇ ಕಿಕ್ಕಿಗೆ ಅಂತಾರೆ ಅತ್ತೆ

ಲಿಂಗಂಪಲ್ಲಿ ಸ್ಟೇಷನ್ನಿಗೆ ತಿರುಗುವ ಸಿಗ್ನಲ್ಲಿನಲ್ಲಿ ನನ್ನ ಹಳೆಯ ಬುಲೆಟ್ ಆಫ್ ಆಯಿತು. ಹಿಂದೆ ಕೂತಿದ್ದ ಅತ್ತೆ ಕಲಬುರಗಿ ರೈಲು ಹಿಡಿಯಬೇಕಿತ್ತು. ಗಾಡಿಯನ್ನು ಬದಿಗೆ ತಳ್ಳಿ, ಗಾಬರಿಯಲ್ಲಿ ಹೆಡ್‌ಲೈಟಿನ ಮೇಲಿನ ಆಂಪಿಯರ್ ಮೀಟರಿನ ಮುಳ್ಳು ನೋಡದೆ ಕಿಕ್ಕರ್ ಒದ್ದೆ. ಅದು ತಿರುಗಿ ಮೀನಖಂಡಕ್ಕೆ ಬಡಿಯಿತು. ಎಲ್ಲರೂ ಕಡ್ಡಿ ಎನ್ನುವ ನನ್ನ ಮೈ ಎಗರಿಬಿತ್ತು.

“ಹಟೋ ಮ್ಯಾಡಂ, ಮೈ ಮಾರ್‌ತೂಂ,” ಸರಿಯಿರಿ, ನಾನೇ ಕಿಕ್ ಹೊಡೀತೀನಿ ಎನ್ನುತ್ತ ಆಟೋದವನೊಬ್ಬ ಹ್ಯಾಂಡಲ್ಲಿಗೆ ಕೈ ಹಾಕಿದ. ಈ ಗಾಡಿ ಮಾರಿಬಿಡು ಎಂದು ಮನೆಯಲ್ಲಿ ದಿನಾ ಗೊಣಗುತ್ತಿದ್ದ ಅತ್ತೆ ಅಡ್ಡ ನಿಂತರು.

“ನೀ ಸರಿಯಪಾ. ನಮ್ಮ ಸೊಸಿ ಗಾಡಿ ಐತಿ, ಆಕೀನೇ ಕಿಕ್ ಹೊಡೀತಾಳ.” ಆಮೇಲೆ ನನ್ನ ಕಡೆ ತಿರುಗಿ, “ರೈಲು ನಾಳೇನೂ ಬರ್ತೈತಿ. ಸಾವಕಾಶ ಹೊಡಿ,” ಅಂದರು.

ನನ್ನ ಅವಸರ ಇಳಿಯಿತು. ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ಒತ್ತಿದೆ. ಎಡಗೈಯ ಪುಟ್ಟ ಲಿವರ್ ಹಿಡಿದು ಎಂಜಿನ್ನಿನೊಳಗಿನ ಒತ್ತಡ ಬಿಡಿಸಿ, ಕಿಕ್ಕರನ್ನು ಇನ್ನಷ್ಟು ಇಳಿಸಿದೆ. ಆಮೇಲೆ ಲಿವರ್ ಬಿಟ್ಟು, ಇಡೀ ಮೈಯನ್ನು ಕಿಕ್ಕರಿನ ಮೇಲೆ ಹಾಕಿದೆ. ಗಾಡಿ ಗುಡುಗಿತು.

ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತೆಂದು ಅತ್ತೆ ಊರೆಲ್ಲ ಹೇಳುತ್ತಾರೆ. ಈಗೀಗ ನನಗೂ ಹಾಗೇ ನೆನಪಾಗುತ್ತದೆ. ಮೀನಖಂಡದ ಕಲೆ ನೋಡಿದರೆ ನಂಬಿಕೆ ಬರುವುದಿಲ್ಲ. ಅಂದು ರೈಲು ತಪ್ಪಿತೆಂಬುದನ್ನು ಮಾತ್ರ ಅವರು ಇಂದಿಗೂ ಯಾರಿಗೂ ಹೇಳಿಲ್ಲ.