ಗಂಗರತ್ನಮ್ಮನ ಕೈ

ಗಂಗರತ್ನಮ್ಮನ ಕೈ ಆಗಿಬರುವುದಿಲ್ಲ ಎಂಬ ಮಾತು ಹುಟ್ಟಿದ್ದು ಒಂದು ಹಸುವಿನ ಕೆಳಗೆ. ಮದುವೆಯಾಗಿ ಬಂಗಾರಪೇಟೆ ಪಕ್ಕದ ಹಳ್ಳಿಗೆ ಬಂದ ಹೊಸತು. ಅತ್ತೆ ಚೊಂಬು ಕೊಟ್ಟು ಹಾಲು ಕರೆಯಲು ಕೂರಿಸಿದಳು. ಹಸು ಹಾಲು ಇಳಿಸಲಿಲ್ಲ, ಕಾಲು ಝಾಡಿಸಿತು, ಚೊಂಬು ಉರುಳಿತು. ಮಾರನೆಯ ದಿನವೂ ಹಾಗೆಯೇ. ಅತ್ತೆ ಬೈಯಲಿಲ್ಲ. ಚೊಂಬು ತೊಳೆದು ತನ್ನ ಮಗಳು ವರಲಕ್ಷ್ಮಮ್ಮನ ಕೈಗೆ ಕೊಟ್ಟಳು. ಆಮೇಲೆ ಬಿತ್ತನೆಯ ಕಾಳಿನ ಕುಕ್ಕೆಯನ್ನು ಈ ಸೊಸೆ ಮುಟ್ಟುವಂತಿರಲಿಲ್ಲ, ಉಪ್ಪಿನಕಾಯಿ ಜಾಡಿಯನ್ನೂ.

ಗಂಡ ಬಚ್ಚಪ್ಪನಿಗೆ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕಿ ಗಣಿ ಕೆಲಸಗಾರರ ಸಾಲುಮನೆಗಳಿದ್ದ ಊರಿಗಾಂ ಲೈನಿನ ಮನೆಗೆ ಬಂದಾಗ, ಆ ಮಾತು ಹಳ್ಳಿಯಲ್ಲೇ ಉಳಿಯಿತು ಎಂದುಕೊಂಡಳು. ತಟ್ಟಿ ಗೋಡೆಯ ಒಂದೇ ಕೋಣೆ. ಬೆಳಕು ಬರುವ ಬಾಗಿಲಲ್ಲಿ ಕೂತು ಕರ್ಚೀಫಿನ ಮೂಲೆಗೆ ಹೂವು ಹಾಕುತ್ತಿದ್ದಳು. ಮಗಳು ಹುಟ್ಟಿದಳು. ಅತ್ತೆಯ ಹೆಸರನ್ನೇ ಇಟ್ಟು ಕದಿರಿ ಎಂದು ಕರೆದರು. ಆ ಹುಡುಗಿಗೆ ಒಂಬತ್ತು ತುಂಬುವ ಹೊತ್ತಿಗೆ ಬಚ್ಚಪ್ಪನ ಎದೆಯಲ್ಲಿ ಕಲ್ಲಿನ ದೂಳು ನಿಂತಿತ್ತು. ನೆಲದಡಿಗೆ ಇಳಿಯುತ್ತಿದ್ದ ಮನುಷ್ಯನಿಗೆ ಈಗ ಹೊಸಿಲು ದಾಟುವುದೇ ದೊಡ್ಡ ದಾರಿ. ಅದು ಎಂಬತ್ತರ ದಶಕದ ಆರಂಭ.

ವರಲಕ್ಷ್ಮಮ್ಮ ಬಂಗಾರಪೇಟೆಯಿಂದ ಬಂದವಳು ತಮ್ಮನ ಮಂಚದ ಪಕ್ಕ ಕೂತು, ಅವನ ಬೆನ್ನು ನೀವುತ್ತಲೇ ಹೇಳಿದಳು:

"ಕದಿರೀನ ನನ್ ಜತೆ ಕಳ್ಸು ರತ್ನಾ. ಅಕ್ಕಿ ಮಿಲ್ಲಿನ ಸಾವ್ಕಾರ್ರ ಮನೇಲಿ ಮಗೂನ ಎತ್ಕೊಳ್ಳೋಕೆ, ಪಾತ್ರೆ ಪಗಡ ತೊಳೆಯೋಕೆ ಒಂದ್ ಉಡ್ಗಿ ಬೇಕಂತೆ. ಒಟ್ಟೆ ತುಂಬಾ ಅನ್ನ ಆಕ್ತಾರೆ."

"ಇಸ್ಕೂಲು ಓಗೋ ಮಗ ಅಕ್ಕಾ ಅದು."

"ಇಸ್ಕೂಲು ಉಣ್ಣೋಕಿಕ್ತದಾ? ಇಲ್ಲಿ ಮಡಿಕ್ಕಂಡು ನೀನೇನ್ ತಿನ್ನುಸ್ತೀಯ, ದಾರದ ಊವಾ?"

ಗಂಗರತ್ನಮ್ಮ ಗಂಡನ ಮುಖ ನೋಡಿದಳು. ಬಚ್ಚಪ್ಪ ಗೋಡೆ ಕಡೆ ತಿರುಗಿದ. "ಕಳ್ಸು ಅನ್ನೋಕೆ ಬಾಯಿ ಬರಲ್ಲ. ಬ್ಯಾಡ ಅನ್ನೋಕೆ ಉಸ್ರಿಲ್ಲ" ಎಂದ.

ಅವಳಿಗೆ ಉಳಿದಿದ್ದುದು ಒಂದೇ ದಾರಿ. ರಾಬರ್ಟ್‌ಸನ್‌ಪೇಟೆಯಲ್ಲಿ ಕೋದಂಡಪ್ಪನ ಬಟ್ಟೆ ಅಂಗಡಿಯ ಜಗುಲಿಯ ಮೇಲೆ ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಯಂತ್ರವಿತ್ತು. ಮದುವೆಯ ಹೆಣ್ಣಿಗೆ ಕೊಡುವ ದಿಂಬಿನ ಕವರುಗಳ ಮೇಲೆ ಜೋಡಿ ಗಿಳಿ, ಗಿಳಿಗಳ ಕೆಳಗೆ 'ಶುಭರಾತ್ರಿ' ಎಂದು ಅದರಲ್ಲೇ ಕಸೂತಿ ಹಾಕುತ್ತಿದ್ದರು. ಹಾಕುತ್ತಿದ್ದ ತಮಿಳು ಮುದುಕ ಕುಪ್ಪುಸ್ವಾಮಿಯ ಕಣ್ಣಿಗೆ ಪೊರೆ ಬಂದಿತ್ತು. ವೆಲ್ಲೂರು ಕಡೆ ಮಗಳ ಮನೆಗೆ ಹೊರಟಿದ್ದ. ಅವನ ಜಾಗಕ್ಕೆ ಯಾರಾದರೂ ಬೇಕಿತ್ತು.

"ಕಲ್ತುಕೊಳಮ್ಮ. ಶುಕ್ರವಾರ ಸಾಯಂಕಾಲದೊಳಗೆ ಒಂದು ಗಿಳಿ ನೀಟಾಗಿ ಆಕಿ ತೋರ್ಸು. ಆಗ್ಲಿಲ್ಲ ಅಂದ್ರೆ ಬೇರೆಯೋರ್ನ ನೋಡ್ಕೊತೀನಿ" ಎಂದ ಕೋದಂಡಪ್ಪ.

ವರಲಕ್ಷ್ಮಮ್ಮನೂ ಒಪ್ಪಿದಳು. "ಕೆಲ್ಸ ಸಿಕ್ಕಿದ್ರೆ ಮಗ ನಿನ್ನತ್ರಾನೇ ಇರ್ಲಿ, ನನಗೇನು? ಸಿಗಲಿಲ್ಲಾಂದ್ರೆ ಶುಕ್ರವಾರ ಸಂಜೆ ರೈಲಿಗೆ ನಾನು ಕರ್ಕೊಂಡೋಗ್ತೀನಿ." ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ ತಿರುಗಿ, "ಅಸೀನ ಕೆಚ್ಚಲಿಗೇ ಬರ್ದಿರೋ ಕೈ, ಮಿಸನ್‌ಗೆ ಬತ್ತದಾ?" ಎಂದಳು.

ಕುಪ್ಪುಸ್ವಾಮಿ ಒಳ್ಳೆಯ ಮನುಷ್ಯ. ಎಡಕ್ಕೆ ಗೋಡೆ ಇದ್ದುದರಿಂದ ಅವಳಿಗೆ ತನ್ನ ಬಲಗಡೆ ಒಂದು ಮಣೆ ಹಾಕಿದ. ಮೊದಲು ಸಾದಾ ಹೊಲಿಗೆ ಕಲಿಸಿದ: ಯಂತ್ರದ ಬೆನ್ನಿಗಿರುವ ಹಿಡಿ ಎತ್ತಿದರೆ ಬಟ್ಟೆ ಒತ್ತುವ ಪಾದ ಮೇಲೇಳುತ್ತದೆ, ಬಟ್ಟೆ ಇಟ್ಟು ಹಿಡಿ ಇಳಿಸಿದರೆ ಪಾದ ಬಟ್ಟೆಯನ್ನು ಹಿಡಿಯುತ್ತದೆ, ಪೆಡಲು ತುಳಿ. ಅದು ಅವಳಿಗೆ ಬೇಗ ಬಂತು. ಆಮೇಲೆ ಅವನು ಸ್ಕ್ರೂ ಬಿಚ್ಚಿ ಆ ಪಾದವನ್ನೇ ತೆಗೆದು ಡ್ರಾಯರಿಗೆ ಹಾಕಿದ. "ಕಸೂತಿಗೆ ಇದು ವೇಂಡಾಮ್ಮ, ಬೇಡ. ಇಲ್ಲಿ ಬಟ್ಟೆ ಓಡ್ಸೋದು ಮಿಸನ್ ಅಲ್ಲ, ನಿನ್ ಕೈ."

ಬಳೆಯಂಥ ಮರದ ಫ್ರೇಮನ್ನು ಅವಳು ಕೈಹೊಲಿಗೆಗೆ ಹಾಕುವ ಹಾಗೆ ಹಾಕಿದಾಗ ನಕ್ಕು, ತಿರುವಿ ಹಾಕಿಸಿದ. ಯಂತ್ರದಲ್ಲಿ ಬಟ್ಟೆ ಫ್ರೇಮಿನ ತಳಕ್ಕೆ ಬಿಗಿದು ಹಲಗೆಗೆ ಅಂಟಿಕೊಂಡಿರಬೇಕು. ಆಮೇಲೆ ತಾನೇ ಕೂತು ತುಳಿದ. ಎರಡು ಕೈಯಲ್ಲೂ ಫ್ರೇಮು ಹಿಡಿದು ನೀರಲ್ಲಿ ತಟ್ಟೆ ಆಡಿಸಿದ ಹಾಗೆ ಆಡಿಸಿದ. ಬಿಳಿ ಬಟ್ಟೆಯ ಮೇಲೆ ಹಸಿರು ರೆಕ್ಕೆ ಮೂಡಿತು. "ಇದೋ ಪಾರು, ನೋಡು. ಇಷ್ಟೇ" ಎಂದು ಎದ್ದು ಜಾಗ ಬಿಟ್ಟುಕೊಟ್ಟ.

ಅವಳು ಕೂತಳು. ಸೂಜಿ ಒಂದು ಬೆರಳಗಲ ಓಡಿತು. ಮೇಲೆ ನೋಡಿದರೆ ಹಸಿರು ದಾರ ಸರಿಯಾಗಿಯೇ ಕೂತಿದೆ. ಅಷ್ಟರಲ್ಲಿ ಗರ್ರ್ ಎಂದು ಸದ್ದಾಗಿ ಪೆಡಲು ಕಾಲಿನಡಿ ಕಲ್ಲಾಯಿತು. ಫ್ರೇಮು ಎಳೆದರೆ ಬರಲಿಲ್ಲ. ಮುದುಕ ಕತ್ತರಿಸಿ ತೆಗೆದು ತಿರುವಿ ತೋರಿಸಿದ. ಬಟ್ಟೆಯ ಅಡಿಯಲ್ಲಿ ದಾರದ ಮುದ್ದೆ, ಗುಬ್ಬಿ ಗೂಡು ಕಟ್ಟಿದ ಹಾಗೆ.

"ಮೊದ್ಲು ಎಲ್ಲಾರಿಗೂ ಇಂಗೇ ಆಗೋದು" ಎಂದ ಕುಪ್ಪುಸ್ವಾಮಿ.

ಮಾರನೆಯ ದಿನವೂ ಹಾಗೇ ಆಯಿತು. ಅವನು ಅಡಿದಾರ ಸುತ್ತಿದ ಬಾಬಿನ್ ಬಿಚ್ಚಿ ಉಜ್ಜಿದ, ಎಣ್ಣೆ ಬಿಟ್ಟ, ಸೂಜಿ ಬದಲಿಸಿದ. ತಾನು ಕೂತು ತುಳಿದ. ಯಂತ್ರ ಹಾಡಿತು. ಎದ್ದ. ಅವಳು ಕೂತಳು. ಗೂಡು. ನಿಧಾನ ತುಳಿದರೂ ಗೂಡು, ಜೋರಾಗಿ ತುಳಿದರೂ ಗೂಡು. ಅವಳು ಅವನ ಬೆರಳುಗಳನ್ನು ರೆಪ್ಪೆ ಬಡಿಯದೆ ನೋಡಿದಳು, ಸೂಜಿಯ ತುದಿಯನ್ನು ನೋಡಿದಳು. ಅವನು ಮಾಡಿದ ಹಾಗೆಯೇ ಮಾಡಿದಳು. ಮನೆಗೆ ಹೋಗಿ ಮೊರದ ಮೇಲೆ ಕೈ ಆಡಿಸಿ ಅಭ್ಯಾಸ ಮಾಡುತ್ತಿದ್ದರೆ ಕದಿರಿ ಎದುರು ಕೂತು ನೋಡುತ್ತಿದ್ದಳು.

"ಗಿಳಿ ಬಂತಾಮ್ಮ?"

"ನಾಳೆ ಬತ್ತದೆ ಕಣೇ."

ಗುರುವಾರ ಸೂಜಿ ತೋರುಬೆರಳಿನ ಉಗುರಿನ ಪಕ್ಕ ಇಳಿಯಿತು. ಅವಳು ಬಿಳಿ ಬಟ್ಟೆಗೆ ರಕ್ತ ತಾಗೀತೆಂದು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಶುಕ್ರವಾರ ಇಳಿಹೊತ್ತಿಗೆ ಕೊನೆಯ ಬಟ್ಟೆಯೂ ಗೂಡು ಕಟ್ಟಿತು. ಕುಪ್ಪುಸ್ವಾಮಿ ಅವಳ ಬಲಗೈಯನ್ನು ಹಿಡಿದು, ಮಬ್ಬು ಕಣ್ಣಿಗೆ ಹತ್ತಿರ ತಂದು, ತಿರುವಿ ನೋಡಿದ. ಮಾತು ಮೆತ್ತಗಿತ್ತು. "ನಿನ್ ತಪ್ಪಿಲ್ಲಮ್ಮ. ಮಿಸನ್ನೂ ಚೆನ್ನಾಗೈತೆ. ಕೆಲವ್ರ ಕೈ ಕಬ್ಬಿಣಕ್ಕೆ ಒಪ್ಪಲ್ಲ."

ಹಸು ಒದ್ದ ದಿನವೂ ಅವಳಿಗೆ ಇಷ್ಟು ನೋವಾಗಿರಲಿಲ್ಲ. ಹಳ್ಳಿಯಲ್ಲಿ ಬಿಟ್ಟು ಬಂದ ಮಾತು ರೈಲು ಹತ್ತಿ, ಬೇರೆ ಭಾಷೆಯವನ ಬಾಯಲ್ಲಿ, ಇಷ್ಟು ಪ್ರೀತಿಯಿಂದ ಬಂದು ಮುಂದೆ ನಿಂತಿತ್ತು. ಅತ್ತೆ ಸರಿ, ಅತ್ತಿಗೆ ಸರಿ. ಈ ಕೈ ಮುಟ್ಟಿದ್ದಕ್ಕೇ ಗಂಡನ ಎದೆ ಹೀಗಾಯಿತೇನೋ. ಮಗಳಾದರೂ ಈ ಕೈಯಿಂದ ದೂರ ಹೋಗಿ ಅನ್ನ ತಿನ್ನಲಿ. ಅವಳು ಜಗುಲಿ ಇಳಿದಳು. ವರಲಕ್ಷ್ಮಮ್ಮ ಕದಿರಿಯನ್ನು ಆಗಲೇ ಊರಿಗಾಂ ಸ್ಟೇಷನ್ನಿಗೆ ಕರೆದೊಯ್ದಿರುತ್ತಾಳೆ; ಏನೇ ಆದರೂ ರೈಲಿನ ಹೊತ್ತಿಗೆ ಅಲ್ಲಿಗೆ ಬರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದಳು. ಈಗಲೇ ನಡೆದರೆ ರೈಲು ಬರುವುದರೊಳಗೆ ತಲುಪಬಹುದು.

ರಸ್ತೆ ದಾಟಿ ಆಚೆ ಬದಿ ಸೇರಿದವಳು ಒಮ್ಮೆ ತಿರುಗಿ ನೋಡಿದಳು; ನಡುವೆ ಒಂದು ಬಸ್ಸು ಅಡ್ಡ ನಿಂತಿತ್ತು. ಬಸ್ಸು ಸರಿದ ಮೇಲೆ ಅಂಗಡಿ ಎದುರಿಗೇ ಕಾಣಿಸಿತು. ಜಗುಲಿಯ ಬಲ್ಬು ಹಾಕಿದ್ದರು. ಕುಪ್ಪುಸ್ವಾಮಿ ಬೀದಿಗೆ ಮುಖ ಮಾಡಿ ಯಂತ್ರದ ಮುಂದೆ ಕೂತಿದ್ದ. ಇಷ್ಟು ದಿನ ಅವನ ಪಕ್ಕದಲ್ಲೇ ಕೂತವಳು ಯಂತ್ರದ ಬೆನ್ನನ್ನು ನೋಡಿದ್ದು ಅದೇ ಮೊದಲು. ಅವನು ಫ್ರೇಮನ್ನು ಸೂಜಿಯ ಕೆಳಗೆ ತಳ್ಳಿದ. ಏನೋ ಯೋಚಿಸುತ್ತಾ ಬೀದಿ ಕಡೆ ನೋಡಿದ. ಆ ಹೊತ್ತಿನಲ್ಲಿ ಅವನ ಬಲಗೈ ತಾನಾಗಿ ಯಂತ್ರದ ಹಿಂದೆ ಬಂದು ಹಿಡಿಯನ್ನು ಕೆಳಗಿಳಿಸಿ ಹೋಯಿತು.

ಪಾದವೇ ಇಲ್ಲ, ಹಿಡಿ ಇಳಿಸಿ ಏನಾಗಬೇಕು? ಪಾದ ಬಿಚ್ಚಿದ ದಿನವೇ ಅವಳು ಆ ಹಿಡಿಯನ್ನು ಮರೆತಿದ್ದಳು. ಅವನು ಪ್ರತಿಸಲ ಎದ್ದೇಳುವಾಗ ಹಿಡಿ ಎತ್ತಿಯೇ ಏಳುತ್ತಿದ್ದಿರಬೇಕು. ಇವಳು ಎತ್ತಿದ ಹಿಡಿಯಲ್ಲೇ ತುಳಿಯುತ್ತಿದ್ದಳು. ಮೇಲಿನ ದಾರವನ್ನು ಬಿಗಿ ಹಿಡಿಯುವುದೂ ಆ ಹಿಡಿಯೇ ಇರಬೇಕು. ಇಲ್ಲದಿದ್ದರೆ ದಾರ ಸಡಿಲವಾಗಿ ಅಡಿಗೆ ಸುರಿಯದೆ ಇನ್ನೇನು?

ಅವಳು ರಸ್ತೆ ದಾಟಿ ಓಡಿ ಬಂದಳು.

"ಮಾಸ್ಟ್ರೇ, ಏಳಿ. ಒಂದ್ಸಲ ಏಳಿ."

"ಕೆಲಸ ಮುಗೀತಲ್ಲಮ್ಮ" ಎಂದು ಒಳಗಿಂದ ಕೋದಂಡಪ್ಪ ಅಂಗಡಿ ಮುಚ್ಚಲು ಬಾಗಿಲ ಹಲಗೆ ಹೊರಗೆ ತಂದ.

"ಅಣ್ಣಾ, ನಿಮ್ ಮಕ್ಳ ಪುಣ್ಯ. ಒಂದೇ ಒಂದು."

ಕೂತಳು. ಕೈ ಹಿಂದೆ ಹೋಗಿ ಹಿಡಿ ಇಳಿಸಿತು. ತುಳಿದಳು. ಬೆರಳಗಲ ಓಡಿತು, ಗರ್ರ್ ಎನ್ನಲಿಲ್ಲ. ಗೇಣುದ್ದ ಓಡಿತು. ಗಿಳಿಯ ಬೆನ್ನು ಬಾಗಿ ಬಂತು, ಸೊಟ್ಟಗೆ, ಆದರೂ ಬಂತು. ದೂರದಲ್ಲಿ ರೈಲು ಕೂಗಿತು. ಅವಳ ಕಾಲು ನಿಂತಿತು. ಎದ್ದು ಹೋದರೆ ಮಗಳ ಮುಖ ನೋಡಬಹುದು. ಎದ್ದು ಹೋದರೆ ಕೋದಂಡಪ್ಪ ಹಲಗೆ ಹಾಕುತ್ತಾನೆ. ಅವಳು ಮತ್ತೆ ತುಳಿದಳು. ರೆಕ್ಕೆಗೆ ಬರುವ ಹೊತ್ತಿಗೆ ಕಣ್ಣಿಗೆ ಗೆರೆ ಕಾಣುತ್ತಿರಲಿಲ್ಲ, ಸೆರಗಿನಿಂದ ಒರೆಸಿಕೊಂಡಳು. ಕೊಕ್ಕಿಗೆ ಕೆಂಪು ದಾರ ಪೋಣಿಸುವಾಗ ರೈಲಿನ ಸದ್ದು ಬಂಗಾರಪೇಟೆ ಕಡೆಗೆ ಕರಗಿತು.

ಕೋದಂಡಪ್ಪ ಗಿಳಿಯನ್ನು ನೋಡಲಿಲ್ಲ. ಬಟ್ಟೆ ತಿರುವಿ ಅಡಿಭಾಗ ನೋಡಿದ. ಬೆರಳಾಡಿಸಿದ. "ಸೋಮವಾರ ಬಾ" ಎಂದ.

ಕುಪ್ಪುಸ್ವಾಮಿ ಯಂತ್ರದ ಹಿಂದೆ ಕೈ ಹಾಕಿ ಹಿಡಿಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ನೋಡುತ್ತಿದ್ದ. "ಅಯ್ಯಯ್ಯೋ. ಇದನ್ನ ನಾನು ನಿನಗೆ ಏಳ್ಲೇ ಇಲ್ಲವಾ? ನನ್ ಕೈ ಇದನ್ನ ಮಾಡ್ತದಂತ ನನಗೇ ಗೊತ್ತಿಲ್ಲಮ್ಮ."

ಬೆಳಗಿನ ಮೊದಲ ರೈಲಿಗೆ ಅವಳು ಬಂಗಾರಪೇಟೆಗೆ ಹೋದಳು. ಮಿಲ್ಲಿನ ಮನೆಯ ಹಿತ್ತಲಲ್ಲಿ ಕದಿರಿ ತನಗಿಂತ ದೊಡ್ಡದಾದ ಹಂಡೆಯೊಳಗೆ ತಲೆ ಹಾಕಿ ಬೂದಿಯಿಂದ ಉಜ್ಜುತ್ತಿದ್ದಳು. ಅಮ್ಮನನ್ನು ನೋಡಿದಳು, ಮತ್ತೆ ಉಜ್ಜತೊಡಗಿದಳು.

ಹುಡುಗಿಯನ್ನು ಕೆಲಸಕ್ಕೆ ಸೇರಿಸಲು ಬಂದಿದ್ದ ವರಲಕ್ಷ್ಮಮ್ಮ ಒಳಗಿನಿಂದ ಬಂದು ದನಿ ತಗ್ಗಿಸಿ ಹರಿಹಾಯ್ದಳು. "ಒಂದಿನಕ್ಕೇ ಬಿಡುಸ್ಕೊಂಡೋದ್ರೆ ಇವ್ರ ಮುಂದೆ ನನ್ ಮಕ ಏನಾಗ್ಬೇಕು? ನಿನ್ ಕೈಯಾಗೆ ಎಷ್ಟ್ ದಿನ ನಿಲ್ತದೋ ಆ ಕೆಲ್ಸ!"

"ಎಷ್ಟ್ ದಿನಾನೋ ನಂಗೂ ಗೊತ್ತಿಲ್ಲ ಅಕ್ಕಾ. ಕೆಲ್ಸ ಸಿಕ್ಕಿದ್ರೆ ಮಗ ನನ್ನತ್ರಾನೇ ಇರ್ಲಿ ಅಂತ ಏಳಿದ್ದು ನೀನು. ಸಿಕ್ತು. ಕದಿರಿ, ಏಳು ಮಗಾ."

ಹುಡುಗಿ ಏಳಲಿಲ್ಲ.

"ಟೇಸನ್‌ನಾಗೆ ನೋಡ್ದೆ. ನೀನ್ ಬರ್ಲಿಲ್ಲ."

ಗಂಗರತ್ನಮ್ಮ ಹೇಳಲು ಹೊರಟರೆ ಅದು ಹಿಡಿಯ ಕತೆ, ದಾರದ ಕತೆ. ಒಂಬತ್ತು ವರ್ಷದ ಮಗು ಜನರ ನಡುವೆ ಅಮ್ಮನ ಸೀರೆಯ ಬಣ್ಣ ಹುಡುಕಿದ್ದಕ್ಕೆ ಅದು ಉತ್ತರವಲ್ಲ. ಅವಳು ಕುಕ್ಕರಗಾಲಲ್ಲಿ ಕೂತು ಹಂಡೆಯನ್ನು ತನ್ನ ಕಡೆ ಎಳೆದುಕೊಂಡು ಉಳಿದದ್ದನ್ನು ಉಜ್ಜಿ ತೊಳೆದು ಕವುಚಿಟ್ಟಳು. ಆಮೇಲೆ ಕದಿರಿ ಎದ್ದು ಲಂಗಕ್ಕೆ ಕೈ ಒರೆಸಿಕೊಂಡು, ಮುಂದೆ ಮುಂದೆ ನಡೆದಳು.

ರೈಲಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬಗಳು ಕಾಣಿಸಿಕೊಂಡವು. ಆಮೇಲೆ, ಮುಖ ತಿರುಗಿಸದೆಯೇ, ಅಮ್ಮನ ಬಲಗೈಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಉಗುರಿನ ಪಕ್ಕದ ಕಪ್ಪು ಚುಕ್ಕೆಯನ್ನು ಮೆಲ್ಲಗೆ ಒತ್ತಿ ನೋಡಿದಳು.

"ನೋಯ್ತದಾ?"

"ಊಂ" ಎಂದಳು ಗಂಗರತ್ನಮ್ಮ.