ಹೌದಿಗೆ ಓಟು ಕೇಳಿದ ಗುರುರಾಜ

ಆಕ್ಲೆಂಡಿನ ಸ್ಯಾಂಡ್ರಿಂಗಮ್ ರಸ್ತೆಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಗುರುರಾಜ ಧಾರವಾಡದ ಕಡೆಯವನು. ಬಾಯಿ ಜೋರು. ಎಣ್ಣೆಗಾಯಿ ಖಾರ ಆಯಿತೆಂದ ಗಿರಾಕಿಗೆ ‘ಹಂಗಾರ ಮನಿಗೆ ಹೋಗಿ ಹಾಲು ಕುಡೀರಿ’ ಎಂದು ಹೇಳಿ ಕಳಿಸಿದವನು. ಯಾರ ಮುಂದೆಯೂ ತಲೆ ಬಾಗಿಸದ ಈ ಮನುಷ್ಯ ಒಂದು ಕಾಲಕ್ಕೆ ಕನ್ನಡದವರ ಮನೆಮನೆಗೆ ಹೋಗಿ ಕೈಮುಗಿದು ಓಟು ಕೇಳಿದ. ಯಾವ ಪಕ್ಷಕ್ಕೂ ಅಲ್ಲ. ತನ್ನ ಹೆಂಡತಿಗೆ ಬೇಕಾದಾಗ ಸಾಯುವ ಹಕ್ಕು ಸಿಗಲಿ ಎಂದು.

ಹೆಂಡತಿ ಸುಶೀಲಾ ನರ್ಸು. ಹುಬ್ಬಳ್ಳಿಯಲ್ಲಿ ಕಲಿತು ಬಂದು, ಇಲ್ಲಿನ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಳು. ಏಳಲಾಗದ ಮುದುಕರನ್ನು ಹೊರಳಿಸುವುದು, ಒರೆಸುವುದು, ಉಣಿಸುವುದು. ಅಂಥವಳಿಗೇ ನರಗಳ ಕಾಯಿಲೆ ಹತ್ತಿತು. ಬೇಗ ಕೊಲ್ಲುವ ಕಾಯಿಲೆಯಾಗಿದ್ದರೆ ಒಂದು ಲೆಕ್ಕ. ಇದು ಇವತ್ತು ಕಾಲು, ಮುಂದೆ ಕೈ, ಆಮೇಲೆ ನಾಲಿಗೆ ಅಂತ ಒಂದೊಂದನ್ನೇ ಕಸಿದುಕೊಂಡು, ಬುದ್ಧಿಯನ್ನು ಮಾತ್ರ ಹಾಗೇ ಬಿಡುವ ಜಾತಿಯದು.

ಕೈಯಲ್ಲಿ ಇನ್ನೂ ಶಕ್ತಿ ಇದ್ದಾಗಲೇ ಅವಳು ಗಂಡನನ್ನು ಕೂಡಿಸಿಕೊಂಡು ಹೇಳಿದ್ದಳು. “ಮುಂದ ಏನಾಗ್ತದ ಅಂತ ನನಗ ಗೊತ್ತದರೀ. ದಿನಾ ನೋಡೀನಿ. ಅಲ್ಲೀತನಕ ನನ್ನ ಇಟ್ಕೋಬ್ಯಾಡ್ರಿ. ನಾ ಸಾಕು ಅಂದ ದಿನ ಕಳಿಸಿಕೊಡ್ರಿ.”

“ಹುಚ್ಚಿ ಇದ್ದೀಯೇನು?” ಎಂದ ಗುರುರಾಜ.

“ಮಾತು ಕೊಡ್ರಿ ಮೊದಲ.”

ಅವಳು ಅಳಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಾಗಿಸುತ್ತಿದ್ದ. ಅಳದ ಹೆಂಗಸಿನ ಮುಂದೆ ಅವನ ಸಿಟ್ಟು ನಡೆಯಲಿಲ್ಲ. ಮಾತು ಕೊಟ್ಟ.

ಆ ಹೊತ್ತಿಗೇ ವೆಲ್ಲಿಂಗ್ಟನ್ನಿನ ಪಾರ್ಲಿಮೆಂಟಿಗೆ ಒಂದು ಮಸೂದೆ ಬಂತು. ತೀರದ ಬೇನೆಯವರು ತಾವಾಗಿ ಕೇಳಿಕೊಂಡರೆ ಡಾಕ್ಟರು ಸಾವು ಕೊಡಬಹುದು ಎಂದು. ಸಾವಿಗೆ ಹತ್ತಿರವಾದವರಿಗೂ ಸರಿ, ಗುಣವಾಗದೆ ವರ್ಷಗಟ್ಟಲೆ ನರಳುವವರಿಗೂ ಸರಿ ಎಂದು ಅದರಲ್ಲಿ ಬರೆದಿತ್ತು. ಈ ದೇಶದಲ್ಲಿ ಕಾನೂನಾಗುವ ಮೊದಲು ಒಂದು ಸಮಿತಿ ಊರೂರಿಗೆ ಬಂದು ಜನರ ಅಹವಾಲು ಕೇಳುತ್ತದೆ. ಯಾರು ಬೇಕಾದರೂ ಹೆಸರು ಕೊಟ್ಟು ಮಾತಾಡಬಹುದು. ಗುರುರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಬಂದಷ್ಟು ಇಂಗ್ಲಿಷಿನಲ್ಲಿ ಹೆಂಡತಿಯ ಸ್ಥಿತಿ ಹೇಳಿದ. ಸಮಿತಿಯಲ್ಲಿ ಕೂತಿದ್ದ ಹೆಣ್ಣುಮಗಳು ತಲೆಯಾಡಿಸಿ, ನಿಮ್ಮ ಮಾತಿನಿಂದ ನಮಗೆ ತುಂಬಾ ಉಪಯೋಗವಾಯಿತು, ಥ್ಯಾಂಕ್ಯೂ ಎಂದಳು.

ಅಲ್ಲೇ ಅವನು ಕೆಟ್ಟ. ತಹಶೀಲ್ದಾರ ಕಚೇರಿಯಲ್ಲಿ ಸಾಹೇಬರು ಅರ್ಜಿ ನೋಡಿ ‘ಆತು, ಹೋಗ್ರಿ’ ಅಂದರೆ ಕೆಲಸ ಆದಂತೆಯೇ ಎಂದು ನಂಬಿ ಬೆಳೆದವನು. ಈ ಥ್ಯಾಂಕ್ಯೂವನ್ನು ಅವರು ಪರವಾಗಿ ಮಾತಾಡಿದವರಿಗೂ ವಿರುದ್ಧ ಮಾತಾಡಿದವರಿಗೂ ಒಂದೇ ಅಳತೆಯಲ್ಲಿ ಬಡಿಸುತ್ತಾರೆ ಎಂದು ಅವನಿಗೆ ಹೇಳುವವರಾರು? ಮನೆಗೆ ಬಂದು, “ಮಂಜೂರಾತು ಅಂತ ತಿಳಕೋ” ಎಂದ.

ವೆಲ್ಲಿಂಗ್ಟನ್ನಿನಲ್ಲಿ ಆದದ್ದೇ ಬೇರೆ. ಮಸೂದೆ ಪಾಸಾಗುವಷ್ಟು ಕೈಗಳು ಏಳುವಂತೆ ಕಾಣಲಿಲ್ಲ. ಕೈ ಎತ್ತಿಸಲು ಚೌಕಾಶಿ ನಡೆಯಿತು. ಆರು ತಿಂಗಳೊಳಗೆ ಸಾಯುವ ರೋಗಿಗಳಿಗೆ ಮಾತ್ರ ಕಾನೂನು ಇರಲಿ, ವರ್ಷಗಟ್ಟಲೆ ನರಳುವವರನ್ನು ತೆಗೆಯಿರಿ ಎಂದರು ಕೆಲವರು. ತೆಗೆದರು. ಕೊನೆಯ ಮಾತು ಜನರದ್ದಾದರೆ ಮಾತ್ರ ನಮ್ಮ ಓಟು ಎಂದಿತು ಒಂದು ಪಕ್ಷ. ಅದಕ್ಕೂ ಒಪ್ಪಿದರು. ಟಿವಿಯಲ್ಲಿ ಜನಮತಗಣನೆ ಎಂಬ ಸುದ್ದಿಯೇ ದೊಡ್ಡದಾಯಿತು. ಗುರುರಾಜನ ಕಿವಿಗೆ ಬಿದ್ದದ್ದೂ ಅದೊಂದೇ. ಚುನಾವಣೆಯ ದಿನ ಇನ್ನೊಂದು ಚೀಟಿ ಕೊಡುತ್ತಾರೆ, ‘ಹೌದು’ ಎಂದು ಗುರುತು ಹಾಕಬೇಕು. ಗೆದ್ದರೆ ಸುಶೀಲಾ ಗೆದ್ದಳು.

ಭಜನೆ ಮಂಡಳಿ ನಡೆಸುವ ಬದರಿನಾಥ್ ಮೈಸೂರಿನವರು, ಮೆತ್ತಗೆ ಮಾತಾಡುವ ಹಿರಿಯರು. ಅವರ ಬಾಗಿಲಿಗೂ ಹೋದ.

“ಗುರುರಾಜ್, ಆಯಸ್ಸು ಕೊಡೋನು ಅವನು, ತಗೊಳ್ಳೋನೂ ಅವನೇ. ಅದಕ್ಕೆ ನಾವ್ಯಾರು ಓಟ್ ಹಾಕೋಕೆ?” ಎಂದರು ಬದರಿನಾಥ್.

“ಎದಿ ಆಪರೇಷನ್ ಮಾಡಿಸ್ಕೊಂಡ್ರಲ್ಲ ಸರ, ಆವಾಗ ಅವನ್ನ ಕೇಳಿದ್ರೇನು?”

ಒಳಗೆ ಅವರ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಬದರಿನಾಥ್ ನಗಲಿಲ್ಲ. “ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ. ಓಟ್ ಮಾತ್ರ ಕೇಳ್ಬೇಡಿ.” ಆಮೇಲೆ ಭಜನೆಯವರು ಖಾನಾವಳಿಯ ಕಡೆ ತಲೆಹಾಕಲಿಲ್ಲ. ಹೆಂಡತಿಯನ್ನು ಕೊಲ್ಲಿಸಲು ಊರು ತಿರುಗಿದವನು ಎಂದು ಯಾರೋ ಅಂದದ್ದೂ ಅವನ ಕಿವಿಗೆ ಬಂತು. ಅದನ್ನೂ ನುಂಗಿಕೊಂಡ.

ಚುನಾವಣೆಯ ದಿನ ಗಾಲಿಕುರ್ಚಿಯಲ್ಲಿ ಸುಶೀಲಾಳನ್ನು ಕರೆದೊಯ್ದ. ಅವಳು ನಡುಗುವ ಕೈಯಿಂದ ತಾನೇ ಗುರುತು ಹಾಕಿದಳು. ‘ಹೌದು’ ಭಾರಿ ಅಂತರದಲ್ಲಿ ಗೆದ್ದಿತು. ಫಲಿತಾಂಶ ಬಂದ ದಿನ ಸಿಹಿ ಮಾಡಬೇಕೋ ಬಾರದೋ ತಿಳಿಯದೆ ಗುರುರಾಜ ಸುಮ್ಮನೆ ಒಲೆ ಮುಂದೆ ಕೂತಿದ್ದ.

ವರ್ಷಗಳು ಹೋದವು. ಈಗ ಸುಶೀಲಾಳಿಗೆ ಕೈ ಇಲ್ಲ, ಕಾಲಿಲ್ಲ. ಮಾತು ತೊದಲು. ನೆತ್ತಿಗೇರದಂತೆ ನೀರನ್ನೂ ಪುಡಿ ಕಲಸಿ ಮಂದ ಮಾಡಿ ಚಮಚದಲ್ಲಿ ಕುಡಿಸಬೇಕು. ಮೊನ್ನೆ ಒಂದು ಬೆಳಿಗ್ಗೆ ಅವಳು “ಸಾಕು” ಎಂದಳು. ಗುರುರಾಜನಿಗೆ ಎದೆ ಒಡೆದರೂ, ಕೊಟ್ಟ ಮಾತು ನಡೆಸುವ ದಾರಿಯಾದರೂ ಇದೆಯಲ್ಲ ಎಂದುಕೊಂಡ. ಡಾಕ್ಟರ ಕಡೆ ಹೋಗೋಣ ಎಂದಾಗ ಅವಳು “ಯಾಕ... ಸುಮ್ಮನ” ಎಂದಳು. ಕೇಳಲಿಲ್ಲ, ಕರೆದೊಯ್ದ.

ಡಾಕ್ಟರ್ ವಂದನಾ ಧಾರವಾಡದ ಕಡೆಯವಳೇ. ಗುರುರಾಜ ಹೆಂಡತಿಗೆ “ಕೇಳು, ನೀನಾಗೇ ಕೇಳಬೇಕಂತ” ಎಂದ. ಸುಶೀಲಾ ಗೋಡೆ ನೋಡುತ್ತಾ ಕೂತಳು. ಕೊನೆಗೆ ಅವನೇ ಸಿಟ್ಟಿನಿಂದ, “ನಾ ಹೇಳ್ತೀನಿ ಡಾಕ್ಟ್ರ. ಅಕೀಗೆ ಸಾಕಾಗೇದ. ಆ ಕಾನೂನು ಬಂದದಲ್ಲ, ಅದನ್ನ ಮಾಡ್ರಿ” ಎಂದ.

ವಂದನಾ ಕುರ್ಚಿ ಹತ್ತಿರ ಎಳೆದುಕೊಂಡಳು. “ಗುರಣ್ಣ, ಆ ಕಾನೂನು ಆರು ತಿಂಗಳೊಳಗ ತೀರಿಕೊಳ್ಳೋ ಪೇಷಂಟಿಗೆ ಮಾತ್ರ ಅದ. ಸುಶೀಲಕ್ಕನ ಹೃದಯ ಗಟ್ಟಿ ಅದ, ಪುಪ್ಪುಸ ಗಟ್ಟಿ ಅದ. ಇನ್ನೂ ಭಾಳ ವರ್ಷ...”

“ನಾ ಸಮಿತಿ ಮುಂದ ಹೇಳಿ ಬಂದೀನಿ. ಥ್ಯಾಂಕ್ಯೂ ಅಂದಾರ ಅವರು.”

“ಅದಾದ ಮ್ಯಾಲೆ ತಿದ್ದಿದ್ರು, ಗುರಣ್ಣ. ಓಟಿಗೆ ಹಾಕೋಕಿಂತ ಮೊದಲೇ.”

“ಬಾಗಿಲು ತೆಗೀಬೇಕೋ ಬ್ಯಾಡೋ ಅಂತ ಕೇಳಿದ್ರು. ಬಾಗಿಲು ಎಷ್ಟು ಸಣ್ಣದು ಮಾಡೀವಿ ಅಂತ ಯಾರರೆ ಹೇಳಿದ್ರೇನು?”

ಸರ್ಕಾರ ಹೇಳಿತ್ತು. ಮನೆಮನೆಗೆ ಕಾಗದ ಕಳಿಸಿತ್ತು. ಕೆಲಸ ಮಂಜೂರಾದ ಮೇಲೆ ಯಾರು ಓದುತ್ತಾರೆ ಎಂದು ಅವನು ತೆಗೆದು ನೋಡಿರಲಿಲ್ಲ. ವಂದನಾ ಅದನ್ನು ಎತ್ತಲಿಲ್ಲ. ಪಾರ್ಲಿಮೆಂಟಿನ ಯಾರೋ ಸದಸ್ಯರು ಆರು ತಿಂಗಳ ಷರತ್ತು ತೆಗೆಯಲು ತಿದ್ದುಪಡಿ ಬರೆದಿದ್ದಾರಂತೆ ಎಂದಳು. ಆದರೆ ಸದಸ್ಯರು ತಾವಾಗಿ ಬರೆದ ಅಂಥವುಗಳಲ್ಲಿ ಯಾವುದು ಚರ್ಚೆಗೆ ಬರಬೇಕೆಂದು ಅಲ್ಲಿ ನಂಬರು ಹಾಕಿ, ಹಳೇ ಬಿಸ್ಕತ್ತಿನ ಡಬ್ಬಿಯಿಂದ ಲಾಟರಿಯಂತೆ ಚೀಟಿ ಎತ್ತುತ್ತಾರೆ. ಬಂದರೆ ಬಂತು. ಬಂದರೂ ಮತ್ತೆ ಸಮಿತಿ, ಮತ್ತೆ ಅಹವಾಲು, ಮತ್ತೆ ಓಟು.

ಮನೆಗೆ ಬಂದು, ರೋಗಿಯನ್ನು ಎತ್ತುವ ಯಂತ್ರದ ಪಟ್ಟಿ ಬಿಗಿದು ಹೆಂಡತಿಯನ್ನು ಹಾಸಿಗೆಗೆ ಹಾಕಿದ. ತಲೆದಿಂಬು ಸರಿಮಾಡುವಾಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

“ನನಗ... ಗೊತ್ತಿತ್ತು. ಕಾಗದ... ಓದಿದ್ದೆ.”

“ಓದಿ ಓಟು ಹಾಕಿದಿ?”

“ನಮ್ಮ ಆಶ್ರಮದ... ಮುದುಕರಿಗೆ... ಬೇಕಿತ್ತು.”

“ನನಗ ಯಾಕ ಹೇಳಲಿಲ್ಲ?”

“ಹುರುಪಿನಿಂದ... ತಿರಗ್ತಿದ್ರಿ.”

ಬೈಯಲು ಬಾಯಿ ತೆರೆದ. ಪಾರ್ಲಿಮೆಂಟನ್ನು ಬೈಯಬೇಕೋ, ಇವಳನ್ನೋ, ಕಾಗದ ಓದದ ತನ್ನನ್ನೋ ತಿಳಿಯಲಿಲ್ಲ. “ನಾ ಇನ್ನ ಯಾರ ಮುಂದನೂ ಹೋಗಿ ಕೇಳೂದಿಲ್ಲ,” ಎಂದಷ್ಟೇ ಅಂದ.

“ಬ್ಯಾಡ,” ಎಂದಳು ಸುಶೀಲಾ. ಆಮೇಲೆ ಕೇಳಿದಳು, “ಎಷ್ಟು ವರ್ಷ... ಅಂದ್ಳು?”

“ಭಾಳ.”

ಅವಳು ಕಣ್ಣು ಮುಚ್ಚಿಕೊಂಡಳು. ಮಗ್ಗಲು ಬದಲಿಸುವ ಹೊತ್ತಾಗಿತ್ತು. ಗುರುರಾಜ ಅವಳ ಹೆಗಲ ಕೆಳಗೆ ಕೈ ಹಾಕಿದ.